ಚೇ ಬ್ಲೈತ್ ಪ್ರಕರಣ: ಹಾಯಿ ಕಟ್ಟಲು ಬಾರದವರು ಭೂಮಿ ಸುತ್ತಲು ಹೊರಟಾಗ

1968ರ ಜೂನ್ 8. ಇಂಗ್ಲೆಂಡಿನ ದಕ್ಷಿಣ ತೀರದ ಹ್ಯಾಂಬಲ್ ಎಂಬ ಊರು. ಒಂಬತ್ತು ಮೀಟರ್ ಉದ್ದದ ಒಂದು ಹಾಯಿದೋಣಿ ಸಮುದ್ರದ ಕಡೆ ಹೊರಟಿದೆ. ಒಳಗಿರುವುದು ಒಬ್ಬರೇ, 28 ವರ್ಷದ ಚೇ ಬ್ಲೈತ್. ಹಾಯಿ, ಹಗ್ಗ ಎಲ್ಲವನ್ನೂ ಆವತ್ತು ಗೆಳೆಯರೇ ಕಟ್ಟಿಕೊಟ್ಟಿದ್ದಾರೆ. ಕಟ್ಟಿಕೊಟ್ಟು ದಡದಲ್ಲಿ ನಿಂತು ಕೈಬೀಸಲಿಲ್ಲ, ಇನ್ನೊಂದು ದೋಣಿ ಹತ್ತಿ ಮುಂದೆ ಮುಂದೆ ಸಾಗುತ್ತಿದ್ದಾರೆ. ಅವರು ಹಾಯಿ ತಿರುಗಿಸಿದರೆ ಬ್ಲೈತ್ ಕೂಡ ತಿರುಗಿಸಬೇಕು. ಅವರು ಏನು ಮಾಡುತ್ತಾರೋ ಅದನ್ನು ನೋಡಿ ಮಾಡಬೇಕು. ಯಾಕೆಂದರೆ ಬ್ಲೈತ್‌ಗೆ ಹಾಯಿದೋಣಿ ನಡೆಸಲು ಬರುವುದಿಲ್ಲ.

ಅವರು ಹೊರಟಿದ್ದು ಪಕ್ಕದ ಊರಿಗಲ್ಲ. ಎಲ್ಲೂ ನಿಲ್ಲದೆ, ಯಾರ ನೆರವೂ ಪಡೆಯದೆ, ಒಬ್ಬರೇ ಭೂಮಿ ಸುತ್ತಿ ಬರಲು.

ಈ ಪ್ರಸಂಗವನ್ನು ಎಲ್ಲರೂ ಧೈರ್ಯದ ಕತೆಯಾಗಿ ಹೇಳುತ್ತಾರೆ. 'ಏನೂ ಗೊತ್ತಿಲ್ಲದಿದ್ದರೂ ನುಗ್ಗಿದರು ನೋಡಿ' ಅಂತ. ನನಗೆ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ನುಗ್ಗಿದ ಯಾತ್ರೆ ಮೂರು ತಿಂಗಳಲ್ಲಿ ನಿಂತುಹೋಯಿತು. ನಿಂತ ಮೇಲೆ ಬ್ಲೈತ್ ಏನು ಯೋಚಿಸಿದರು, ಮುಂದಿನ ಎರಡು ವರ್ಷ ಏನು ಮಾಡಿದರು ಎಂಬುದರಲ್ಲಿ ನಾವು ಕಲಿಯುವುದು ಜಾಸ್ತಿ ಇದೆ. ಹಾಗಾಗಿ ಈ ಪ್ರಕರಣವನ್ನು ಮೊದಲಿಂದ ಬಿಡಿಸಿ ನೋಡೋಣ.

ರಗ್ಬಿ ಊರಿನ ಹುಡುಗ, ಪ್ಯಾರಾಶೂಟ್ ಸೈನಿಕ

ಬ್ಲೈತ್ ಹುಟ್ಟಿದ್ದು 1940ರಲ್ಲಿ, ಸ್ಕಾಟ್‌ಲೆಂಡಿನ ಹಾಯ್ಕ್‌ನಲ್ಲಿ. ಇಂಗ್ಲೆಂಡಿನ ಗಡಿಗೆ ಹತ್ತಿರದ ಊರು, ಉಣ್ಣೆ ಬಟ್ಟೆಗೂ ರಗ್ಬಿಗೂ ಹೆಸರುವಾಸಿ. ಅಲ್ಲಿ ರಗ್ಬಿ ಅಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ. ದಶಕಗಳ ಕಾಲ ಬಿಬಿಸಿಯಲ್ಲಿ ರಗ್ಬಿಯ ದನಿಯಾಗಿದ್ದ ಬಿಲ್ ಮೆಕ್‌ಲಾರೆನ್ ಅದೇ ಊರಿನವರು. ಏಳು ಆಟಗಾರರ ರಗ್ಬಿ ಹುಟ್ಟಿದ್ದು ಅಲ್ಲಿಗೆ ಹತ್ತಿರದ ಮೆಲ್ರೋಸ್‌ನಲ್ಲಿ, 1883ರಲ್ಲಿ. ಒಟ್ಟಿನಲ್ಲಿ ಗುದ್ದಾಟಕ್ಕೆ, ಕೆಸರಿಗೆ, ಬಿದ್ದು ಏಳುವುದಕ್ಕೆ ಮರ್ಯಾದೆ ಇರುವ ಜಾಗ. ಸಮುದ್ರ ಮಾತ್ರ ಅಲ್ಲಿಂದ ದೂರ.

ಬ್ಲೈತ್ 18ರ ವಯಸ್ಸಿಗೆ ಸೈನ್ಯದ ಪ್ಯಾರಾಶೂಟ್ ರೆಜಿಮೆಂಟ್ ಸೇರಿದರು. 21ಕ್ಕೆ ಸಾರ್ಜೆಂಟ್ ಆದರು. ಅದೇ ರೆಜಿಮೆಂಟಿನ ಕ್ಯಾಪ್ಟನ್ ಜಾನ್ ರಿಜ್ವೇ ಅಟ್ಲಾಂಟಿಕ್ ಸಾಗರವನ್ನು ಹುಟ್ಟು ಹಾಕಿ ದಾಟುವ ಯೋಚನೆಯಲ್ಲಿದ್ದರು. ಜೊತೆಗೆ ಹೊರಟವರು ಬ್ಲೈತ್. 1966ರ ಜೂನ್ 4ರಂದು ಅಮೆರಿಕದ ಕೇಪ್ ಕಾಡ್‌ನಿಂದ ಇಬ್ಬರೂ ಹೊರಟರು. ದೋಣಿ 'ಇಂಗ್ಲಿಷ್ ರೋಸ್ ಮೂರು', ಉದ್ದ 20 ಅಡಿ, ಮೇಲೆ ಸೂರಿಲ್ಲ. 92 ದಿನ ಹುಟ್ಟು ಹಾಕಿ ಸೆಪ್ಟೆಂಬರ್ 3ರಂದು ಐರ್ಲೆಂಡಿನ ಅರಾನ್ ದ್ವೀಪಗಳಲ್ಲಿ ದಡ ಮುಟ್ಟಿದರು. ಅದೇ ಬೇಸಿಗೆಯಲ್ಲಿ ಇದೇ ಪ್ರಯತ್ನಕ್ಕೆ ಹೊರಟಿದ್ದ ಇನ್ನಿಬ್ಬರು ಹಿಂದಿರುಗಲಿಲ್ಲ. ಅವರ ದೋಣಿ 'ಪಫಿನ್' ಮಗುಚಿಕೊಂಡ ಸ್ಥಿತಿಯಲ್ಲಿ ಸಿಕ್ಕಿತು.

ಈ 92 ದಿನ ಬ್ಲೈತ್‌ಗೆ ಏನು ಕಲಿಸಿತು, ಏನು ಕಲಿಸಲಿಲ್ಲ ಎಂಬುದು ಮುಂದಿನ ಎಲ್ಲದಕ್ಕೂ ಬುಡ. ಒದ್ದೆ ಬಟ್ಟೆಯಲ್ಲಿ ವಾರಗಟ್ಟಲೆ ಇರುವುದು, ನಿದ್ದೆಯನ್ನು ಚೂರುಚೂರಾಗಿ ಮಾಡುವುದು, ಊಟ ಲೆಕ್ಕ ಹಾಕಿ ತಿನ್ನುವುದು, ಅಲೆ ಎದ್ದಾಗ ಕೈ ನಡುಗದೆ ಕೆಲಸ ಮಾಡುವುದು, ಇದೆಲ್ಲ ಬಂತು. ಹಾಯಿ ಬರಲಿಲ್ಲ. ಹುಟ್ಟು ಹಿಡಿದವನಿಗೆ ತೋಳೇ ಯಂತ್ರ, ಎಳೆದಷ್ಟು ದೋಣಿ ಸಾಗುತ್ತದೆ. ಹಾಯಿಯ ಲೆಕ್ಕ ಬೇರೆ. ಗಾಳಿ ಎಲ್ಲಿಂದ ಬರುತ್ತಿದೆ, ಎಷ್ಟು ಬಟ್ಟೆ ಬಿಚ್ಚಬೇಕು, ಯಾವಾಗ ಸುತ್ತಿಡಬೇಕು ಎಂಬುದು ತಿಳಿಯದಿದ್ದರೆ ತೋಳಿನ ಬಲ ಪೂರ್ತಿ ದಂಡ.

ಬಾಗಿಲೇ ಇಲ್ಲದ ಸ್ಪರ್ಧೆ

1967ರಲ್ಲಿ ಫ್ರಾನ್ಸಿಸ್ ಚಿಚೆಸ್ಟರ್ ಒಂಟಿಯಾಗಿ ಭೂಮಿ ಸುತ್ತಿ ಬಂದಿದ್ದರು. ನಡುವೆ ಸಿಡ್ನಿಯಲ್ಲಿ ಮಾತ್ರ ನಿಂತಿದ್ದರು. ಹಾಗಾದರೆ ಉಳಿದಿದ್ದು ಒಂದೇ, ಎಲ್ಲೂ ನಿಲ್ಲದೆ ಸುತ್ತುವುದು. 1968ರ ಮಾರ್ಚ್‌ನಲ್ಲಿ ಲಂಡನ್ನಿನ ಸಂಡೇ ಟೈಮ್ಸ್ ಪತ್ರಿಕೆ ಗೋಲ್ಡನ್ ಗ್ಲೋಬ್ ಸ್ಪರ್ಧೆಯನ್ನು ಘೋಷಿಸಿತು. ಮೊದಲು ಮುಗಿಸಿದವರಿಗೆ ಟ್ರೋಫಿ, ಕಡಿಮೆ ದಿನದಲ್ಲಿ ಮುಗಿಸಿದವರಿಗೆ 5,000 ಪೌಂಡ್. ಜೂನ್ 1ರಿಂದ ಅಕ್ಟೋಬರ್ 31ರ ಒಳಗೆ ಯಾವಾಗ ಬೇಕಾದರೂ ಹೊರಡಬಹುದು.

ಆದರೆ ಹೊರಡುವವರಿಗೆ ಹಾಯಿದೋಣಿ ನಡೆಸಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ದೋಣಿಯನ್ನು ಪರೀಕ್ಷಿಸಲಿಲ್ಲ. ಹೆಸರು ನೋಂದಾಯಿಸುವ ಅಗತ್ಯವೂ ಇರಲಿಲ್ಲ. ಈಗಾಗಲೇ ತಯಾರಿ ನಡೆಸಿದ್ದ ಯಾರೂ ತಮ್ಮ ಸ್ಪರ್ಧೆಯ ಹೊರಗೆ ಉಳಿಯಬಾರದು ಎಂಬುದು ಪತ್ರಿಕೆಯ ಲೆಕ್ಕ. ಒಂಬತ್ತು ಜನ ಹೊರಟರು, ಮುಗಿಸಿದವರು ಒಬ್ಬರೇ. ಕೊನೆಯ ದಿನ ಹೊರಟ ಡೊನಾಲ್ಡ್ ಕ್ರೋಹರ್ಸ್ಟ್ ಅವರ ದೋಣಿ 1969ರ ಜುಲೈನಲ್ಲಿ ಅಟ್ಲಾಂಟಿಕ್‌ನಲ್ಲಿ ಖಾಲಿಯಾಗಿ ತೇಲುತ್ತಿತ್ತು. ಅವರು ಸಿಗಲೇ ಇಲ್ಲ. ಬ್ಲೈತ್ ಕತೆ ಹೇಳುವಾಗ ಕ್ರೋಹರ್ಸ್ಟ್ ಅವರನ್ನು ಮರೆಯುವುದು ನನಗೆ ಸರಿ ಕಾಣುವುದಿಲ್ಲ. ಬಾಗಿಲೇ ಇಲ್ಲದ ಅದೇ ಸ್ಪರ್ಧೆಯೊಳಗೆ ಇಬ್ಬರೂ ನಡೆದು ಹೋದರು. ಒಬ್ಬರು ಬದುಕಿ ಬಂದರು, ಒಬ್ಬರು ಬರಲಿಲ್ಲ.

ರಿಜ್ವೇ ಕೂಡ ಹೊರಟಿದ್ದರು, ಜೂನ್ 1ರಂದು. ಒಂದೇ ದೋಣಿಯಲ್ಲಿ ಹುಟ್ಟು ಹಾಕಿದ್ದವರು ಈಗ ಎದುರಾಳಿಗಳು. ರಿಜ್ವೇ ಅವರ ಯಾತ್ರೆ ಜುಲೈನಲ್ಲೇ ಬ್ರೆಜಿಲ್‌ನ ರೆಸಿಫೆಯಲ್ಲಿ ಮುಗಿಯಿತು.

ದೋಣಿಯ ಹೊಟ್ಟೆ

ಬ್ಲೈತ್ ಅವರ ದೋಣಿಯ ಹೆಸರು 'ಡೈಟಿಸ್ಕಸ್ ಮೂರು'. ಡೈಟಿಸ್ಕಸ್ ಅಂದರೆ ನೀರಿನಲ್ಲಿ ಮುಳುಗಿ ಈಜುವ ಒಂದು ಜಾತಿಯ ಜೀರುಂಡೆ. ಹೆಸರು ಚೆನ್ನಾಗಿತ್ತು. ದೋಣಿ ಮಾತ್ರ ರಜೆಯಲ್ಲಿ ಕುಟುಂಬದವರು ತೀರದ ಉದ್ದಕ್ಕೆ ಓಡಾಡಲು ಮಾಡಿದ್ದು.

ಇಲ್ಲಿ ದೋಣಿಯ ಅಡಿಭಾಗ ಸ್ವಲ್ಪ ಗಮನಿಸಬೇಕು. ಹಾಯಿದೋಣಿಯ ಹೊಟ್ಟೆಯ ಕೆಳಗೆ ನೀರಿಗೆ ಇಳಿದಿರುವ ಭಾರದ ಒಂದು ಪಟ್ಟಿ ಇರುತ್ತದೆ. ಅದೇ ಕೀಲ್. ಗಾಳಿ ಪಕ್ಕದಿಂದ ತಳ್ಳಿದಾಗ ದೋಣಿ ಅಡ್ಡಕ್ಕೆ ಜಾರದಂತೆ, ಮಗುಚದಂತೆ ಹಿಡಿಯುವುದು ಅದರ ಕೆಲಸ. ಡೈಟಿಸ್ಕಸ್‌ಗೆ ನಡುವೆ ಒಂದು ಆಳವಾದ ಕೀಲ್ ಇರಲಿಲ್ಲ. ಎಡಕ್ಕೊಂದು ಬಲಕ್ಕೊಂದು, ಎರಡು ಗಿಡ್ಡ ಕೀಲ್‌ಗಳಿದ್ದವು. ಇಂಗ್ಲೆಂಡಿನ ಅಳಿವೆಗಳಲ್ಲಿ ಇದು ಬಹಳ ಅನುಕೂಲ. ಇಳಿತದಲ್ಲಿ ನೀರು ಬತ್ತಿದರೆ ದೋಣಿ ಎರಡು ಕಾಲಿನ ಮೇಲೆ ಕೆಸರಿನಲ್ಲಿ ನೆಟ್ಟಗೆ ಕೂರುತ್ತದೆ. ಭರತ ಬಂದಾಗ ತಾನಾಗಿ ತೇಲುತ್ತದೆ.

ದಕ್ಷಿಣ ಸಾಗರದಲ್ಲಿ ಈ ಅನುಕೂಲವೇ ಕುತ್ತು. ಅಲ್ಲಿ 40 ಡಿಗ್ರಿ ಅಕ್ಷಾಂಶದ ಕೆಳಗೆ ಪಶ್ಚಿಮದ ಗಾಳಿ ಭೂಮಿಯ ಸುತ್ತ ಎಲ್ಲೂ ದೊಡ್ಡ ನೆಲದ ಅಡ್ಡಿ ಇಲ್ಲದೆ ಬೀಸುತ್ತದೆ. ಅಲೆಗಳು ಹಿಂದಿನಿಂದ ಬೆಟ್ಟದ ಹಾಗೆ ಬರುತ್ತವೆ. ದೋಣಿಯನ್ನು ಎತ್ತಿ, ಇಳಿಜಾರಿನಲ್ಲಿ ತಳ್ಳಿಬಿಡುತ್ತವೆ. ಆ ಓಟದಲ್ಲಿ ಹಿಂಭಾಗ ಹಿಡಿತ ತಪ್ಪಿದರೆ ದೋಣಿ ಗರ್ರನೆ ತಿರುಗಿ ಅಲೆಗೆ ಅಡ್ಡ ಬೀಳುತ್ತದೆ. ಮಳೆಯಲ್ಲಿ ಜೋರಾಗಿ ಇಳಿಯುವ ಸೈಕಲ್ಲಿನ ಹಿಂದಿನ ಚಕ್ರ ಜಾರಿದ ಹಾಗೆ. ಗಿಡ್ಡ ಕೀಲ್‌ಗಳು ನೀರನ್ನು ಆಳವಾಗಿ ಹಿಡಿಯುವುದಿಲ್ಲ, ಹಾಗಾಗಿ ಜಾರುವುದು ಜಾಸ್ತಿ.

ಕೈಪಿಡಿ, ಪ್ರಾರ್ಥನೆ ಮತ್ತು ಜನರೇಟರ್

ಮೊದಲ ವಾರಗಳಲ್ಲಿ ಬ್ಲೈತ್ ಕಲಿತದ್ದು ಪುಸ್ತಕದಿಂದ. ಹಾಯಿದೋಣಿ ನಡೆಸುವ ಕೈಪಿಡಿ ಜೊತೆಗಿತ್ತು. ಬಿರುಗಾಳಿ ಎದ್ದಾಗ ಏನು ಮಾಡಬೇಕೆಂದು ತಿಳಿಯದೆ ಹಾಯಿಗಳನ್ನೆಲ್ಲ ಇಳಿಸಿದರು. ಕೋಣೆಯೊಳಗೆ ಹೋದರು. ಒಂದು ಕಡೆ ದೇವರನ್ನು ಬೇಡಿಕೊಂಡರು, ಇನ್ನೊಂದು ಕಡೆ ಪುಟ ತಿರುಗಿಸಿದರು. ಆ ಕೋಣೆಯನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ನೆಲ ಗೋಡೆಯಾಗುತ್ತಿದೆ, ಗೋಡೆ ನೆಲವಾಗುತ್ತಿದೆ. ಪುಸ್ತಕ ಹಿಡಿಯಲು ಒಂದು ಕೈ ಬೇಕು, ತಾನು ಬೀಳದಿರಲು ಇನ್ನೊಂದು ಕೈ ಬೇಕು. ಓದುತ್ತಿರುವ ಪಾಠದ ಪರೀಕ್ಷೆ ಆಗಲೇ ಹೊರಗೆ ನಡೆಯುತ್ತಿದೆ.

ಆದರೂ ದೋಣಿ ಮುಂದೆ ಸಾಗಿತು. ಉತ್ತರ ಅಟ್ಲಾಂಟಿಕ್ ಮುಗಿಯಿತು, ಸಮಭಾಜಕ ವೃತ್ತ ದಾಟಿತು. ಇದು ಸಣ್ಣ ಮಾತಲ್ಲ.

ಕೈಕೊಟ್ಟಿದ್ದು ವಸ್ತುಗಳು. ರೇಡಿಯೋಗೆ ಬ್ಯಾಟರಿ ಬೇಕು, ಬ್ಯಾಟರಿಗೆ ಜನರೇಟರ್ ಬೇಕು. ಜನರೇಟರಿನ ಇಂಧನಕ್ಕೆ ಉಪ್ಪುನೀರು ಸೇರಿಬಿಟ್ಟಿತ್ತು. ಹೆಂಡತಿ ಮೌರೀನ್‌ಗೆ ಸುದ್ದಿ ಮುಟ್ಟಿಸುವ ದಾರಿ ಇಲ್ಲವಾಯಿತು. ಆಗಸ್ಟ್ 15ರಂದು ಬ್ಲೈತ್ ಟ್ರಿಸ್ಟನ್ ಡ ಕುನ್ಹಾ ದ್ವೀಪದ ಹತ್ತಿರ ಬಂದರು. ಜನ ವಾಸಿಸುವ ದ್ವೀಪಗಳಲ್ಲೇ ಅತ್ಯಂತ ಒಂಟಿ ದ್ವೀಪ ಅದು, ನೆರೆಯ ಸೇಂಟ್ ಹೆಲೆನಾ ಸುಮಾರು 2,400 ಕಿಲೋಮೀಟರ್ ದೂರ. ಅಲ್ಲಿ 'ಗಿಲಿಯನ್ ಗ್ಯಾಗಿನ್ಸ್' ಎಂಬ ಹಡಗು ಲಂಗರು ಹಾಕಿತ್ತು. ಅದರ ಕ್ಯಾಪ್ಟನ್ ಕೂಡ ಸ್ಕಾಟ್‌ಲೆಂಡಿನವರೇ. ಮೇಲೆ ಬನ್ನಿ ಅಂತ ಕರೆದರು. ಎರಡು ತಿಂಗಳು ಮನುಷ್ಯರ ಮುಖ ಕಾಣದೆ ಇದ್ದವರಿಗೆ ತಮ್ಮ ನಾಡಿನ ಮಾತು ಕಿವಿಗೆ ಬಿದ್ದರೆ ಹೇಗಿರಬೇಡ? ಬ್ಲೈತ್ ಹಡಗು ಹತ್ತಿದರು. ಹಡಗಿನ ಎಂಜಿನಿಯರುಗಳು ಜನರೇಟರ್ ರಿಪೇರಿ ಮಾಡಿ ಇಂಧನ ತುಂಬಿಸಿಕೊಟ್ಟರು.

ನೆರವು ಪಡೆಯಬಾರದು ಎಂಬುದು ಸ್ಪರ್ಧೆಯ ನಿಯಮ. ಅಲ್ಲಿಗೆ ಅವರು ಸ್ಪರ್ಧೆಯಿಂದ ಹೊರಗೆ ಬಿದ್ದರು. ಇಷ್ಟು ಹೊತ್ತಿಗೆ ಬ್ಲೈತ್ ಮನಸ್ಸು ಟ್ರೋಫಿಯ ಮೇಲಿರಲಿಲ್ಲ. ತನ್ನ ಮಿತಿ ಎಲ್ಲಿದೆ ನೋಡಿಬಿಡೋಣ ಎಂಬ ಹಟ ಹಿಡಿದಿತ್ತು. ಹಾಗಾಗಿ ಯಾತ್ರೆ ನಿಲ್ಲಿಸಲಿಲ್ಲ. ದಕ್ಷಿಣದ ಚಳಿಗಾಲ ಇನ್ನೂ ಮುಗಿದಿರಲಿಲ್ಲ, ದೋಣಿ ಒಂದೊಂದೇ ಕಡೆ ಸಡಿಲವಾಗುತ್ತಿತ್ತು. ಆಫ್ರಿಕಾದ ತುತ್ತತುದಿ ಕೇಪ್ ಅಗುಲ್ಹಾಸ್ ದಾಟಿದರು. ಸೆಪ್ಟೆಂಬರ್ 13ರಂದು ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ ಬಂದರಿಗೆ ಬಂದು ನಿಂತರು.

ಸೋತದ್ದು ಯಾವುದು?

ಇಂಥ ಜಾಗದಲ್ಲಿ ಮನುಷ್ಯರು ಎರಡರಲ್ಲಿ ಒಂದು ಹೇಳುತ್ತಾರೆ. 'ಇದು ನನ್ನಿಂದ ಆಗುವ ಕೆಲಸವಲ್ಲ' ಅನ್ನುತ್ತಾರೆ, ಇಲ್ಲವೇ 'ಅದೃಷ್ಟ ಕೈಕೊಟ್ಟಿತು' ಅನ್ನುತ್ತಾರೆ. ಬ್ಲೈತ್ ಎರಡನ್ನೂ ಬಿಟ್ಟು ಲೆಕ್ಕ ಬಿಡಿಸಿದರು. ದೋಣಿ ಈ ಕೆಲಸಕ್ಕೆ ಆಗುವಂಥದ್ದಲ್ಲ. ಆದರೆ ಅದೇ ದೋಣಿಯಲ್ಲಿ, ಏನೂ ಗೊತ್ತಿಲ್ಲದೆ ಹೊರಟವನು ಅಟ್ಲಾಂಟಿಕ್‌ನ ಉದ್ದವನ್ನೆಲ್ಲ ಇಳಿದು ಆಫ್ರಿಕಾದ ತುದಿ ಸುತ್ತಿದ್ದಾನೆ. ಹಾಗಾದರೆ ಮತ್ತೆ ಬರಬೇಕು, ಒಳ್ಳೆಯ ದೋಣಿಯಲ್ಲಿ, ತನ್ನದೇ ಶರತ್ತಿನ ಮೇಲೆ.

ಇದು ತನ್ನನ್ನು ತಾನು ಸಮಾಧಾನ ಮಾಡಿಕೊಂಡ ಮಾತು ಅಂತ ಅನುಮಾನ ಬರಬಹುದು. ಅಳೆದು ನೋಡಲು ಒಂದು ದಾರಿ ಇದೆ, ಅದೇ ಸ್ಪರ್ಧೆಯ ರಾಬಿನ್ ನಾಕ್ಸ್-ಜಾನ್‌ಸ್ಟನ್. ಅವರು ಹೊರಟಿದ್ದು ಜೂನ್ 14ರಂದು, ಬ್ಲೈತ್‌ಗಿಂತ ಬರೀ ಆರು ದಿನ ತಡವಾಗಿ. ಅಂದರೆ ಋತು ಒಂದೇ. ದೋಣಿ 'ಸುಹೈಲಿ', ಉದ್ದ 32 ಅಡಿ, ಡೈಟಿಸ್ಕಸ್‌ಗಿಂತ ಎರಡೇ ಅಡಿ ಜಾಸ್ತಿ. ಈ ಸುಹೈಲಿ ನಮ್ಮ ಮುಂಬೈಯಲ್ಲಿ ತೇಗದ ಮರದಿಂದ ಕಟ್ಟಿದ ದೋಣಿ. ಹಳೆಯ ಮಾದರಿ, ನಿಧಾನ, ಭಾರ. ಆದರೆ ಹೊಟ್ಟೆಯ ಉದ್ದಕ್ಕೂ ಒಂದೇ ದೊಡ್ಡ ಕೀಲ್, ಹಾಯಿ ಕಟ್ಟಲು ಎರಡು ಕೂವೆಕಂಬ. ನಾಕ್ಸ್-ಜಾನ್‌ಸ್ಟನ್ ವ್ಯಾಪಾರಿ ಹಡಗುಗಳ ಅಧಿಕಾರಿಯಾಗಿದ್ದವರು. ಸುಹೈಲಿಯನ್ನು ಅವರೇ ಮುಂಬೈಯಿಂದ ಇಂಗ್ಲೆಂಡಿಗೆ ನಡೆಸಿಕೊಂಡು ಹೋಗಿದ್ದರು. ಹೊರಡುವ ಹೊತ್ತಿಗೆ ಅದರ ಒಂದೊಂದು ಹಲಗೆಯ ಗುಣವೂ ಅವರಿಗೆ ಗೊತ್ತಿತ್ತು.

ಅವರಿಗೇನೂ ಕಷ್ಟ ಕಡಿಮೆ ಇರಲಿಲ್ಲ. ಹಲಗೆ ಸಂದಿನಿಂದ ನೀರು ಸೋರಿದಾಗ ಅಟ್ಲಾಂಟಿಕ್ ನಡುವೆ ದೋಣಿಯ ಕೆಳಗೆ ಮುಳುಗಿ ಕ್ಯಾನ್ವಾಸ್ ಪಟ್ಟಿ ಬಡಿದರು. ನಡುವೆ ಶಾರ್ಕ್ ಬಂತು, ಮೇಲೆ ಹತ್ತಿ ಗುಂಡು ಹಾರಿಸಿ ಮತ್ತೆ ಇಳಿದರು. ರೇಡಿಯೋ ಕೆಟ್ಟಿತು. ದೋಣಿಯನ್ನು ತಾನಾಗಿ ನಡೆಸುವ ಸಾಧನ ಆಸ್ಟ್ರೇಲಿಯಾ ಹತ್ತಿರ ಮುರಿದುಹೋಯಿತು. ಆಗ ಅವರು ಹಾಯಿಗಳನ್ನೇ ಹದವಾಗಿ ಬಿಗಿದು, ದೋಣಿ ತನ್ನಷ್ಟಕ್ಕೆ ದಿಕ್ಕು ಹಿಡಿಯುವಂತೆ ಮಾಡಿಕೊಂಡರು. 1969ರ ಏಪ್ರಿಲ್ 22ರಂದು ಊರು ಸೇರಿದರು. ಗೆದ್ದ 5,000 ಪೌಂಡನ್ನು ಕ್ರೋಹರ್ಸ್ಟ್ ಕುಟುಂಬಕ್ಕೆ ಕೊಟ್ಟರು.

ಋತು ಒಂದೇ, ಉದ್ದ ಹೆಚ್ಚುಕಡಿಮೆ ಒಂದೇ, ತೊಂದರೆಗಳೂ ಒಂದೇ ಬಗೆಯವು. ಉಳಿದ ವ್ಯತ್ಯಾಸ ಎರಡು: ದೋಣಿಯ ಕಟ್ಟು ಮತ್ತು ನಡೆಸುವವರ ಅನುಭವ. ಹಾಗಾಗಿ ಬ್ಲೈತ್ ಲೆಕ್ಕ ಅರ್ಧ ಸರಿ ಅನ್ನುತ್ತೇನೆ. ದೋಣಿ ಸರಿ ಇರಲಿಲ್ಲ, ನಿಜ. ದೋಣಿ ಸರಿಯಿಲ್ಲ ಎಂದು ಹೊರಡುವ ಮೊದಲೇ ಗುರುತಿಸುವ ಕಣ್ಣು ಅವರಿಗೂ ಆಗ ಇರಲಿಲ್ಲ. ಆ ಕಣ್ಣು ಬಂದದ್ದು ಡೈಟಿಸ್ಕಸ್‌ನ ಮೂರು ತಿಂಗಳಿನಿಂದ.

ಗಾಳಿಗೆ ಎದುರಾಗಿ

ಎರಡನೆಯ ಸಲ ಬ್ಲೈತ್ ಆರಿಸಿಕೊಂಡದ್ದು ಯಾರೂ ಮಾಡದ ದಾರಿ. ದಕ್ಷಿಣ ಸಾಗರದಲ್ಲಿ ಎಲ್ಲರೂ ಪಶ್ಚಿಮದಿಂದ ಪೂರ್ವಕ್ಕೆ, ಗಾಳಿಯ ಜೊತೆ ಹೋಗುತ್ತಾರೆ. ಅವರು ಪೂರ್ವದಿಂದ ಪಶ್ಚಿಮಕ್ಕೆ, ಗಾಳಿಗೆ ಮುಖ ಕೊಟ್ಟು ಹೋಗುತ್ತೇನೆ ಅಂದರು.

ಯಾವ ಹಾಯಿದೋಣಿಯೂ ಗಾಳಿಗೆ ನೇರ ಎದುರಾಗಿ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಲ್ಲಿ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಹಾವಿನ ಹಾಗೆ ಹೋಗಬೇಕು. ಹತ್ತು ಮೈಲಿ ಮುಂದೆ ಹೋಗಬೇಕಾದರೆ ಹದಿನಾಲ್ಕು ಮೈಲಿ ಸಾಗಬೇಕು. ಅಲೆ ಎದುರಿನಿಂದ ಬರುತ್ತದೆ. ದೋಣಿಯ ಮೂತಿ ಅಲೆಯ ತುದಿಗೆ ಏರಿ ಆಚೆ ಕಡೆ ದಬ್ ಎಂದು ಬೀಳುತ್ತದೆ. ದಿನಕ್ಕೆ ಸಾವಿರಾರು ಸಲ, ತಿಂಗಳುಗಟ್ಟಲೆ.

ಅದಕ್ಕೆ ತಕ್ಕ ದೋಣಿ ಬೇಕು ಅಲ್ವಾ? ಈ ಸಲ ಇದ್ದದ್ದು 59 ಅಡಿ ಉದ್ದದ, ಎರಡು ಕೂವೆಕಂಬದ ಉಕ್ಕಿನ ದೋಣಿ. ವಿನ್ಯಾಸ ರಾಬರ್ಟ್ ಕ್ಲಾರ್ಕ್ ಅವರದು. ಕಟ್ಟಿದ್ದು ಡಾರ್ಟ್‌ಮತ್‌ನಲ್ಲಿ. ಹಣ ಕೊಟ್ಟದ್ದು ಬ್ರಿಟಿಷ್ ಸ್ಟೀಲ್ ನಿಗಮ, ದೋಣಿಯ ಹೆಸರೂ 'ಬ್ರಿಟಿಷ್ ಸ್ಟೀಲ್'. 1968ರಲ್ಲಿ ಸ್ಪರ್ಧೆಯ ಘೋಷಣೆಗೂ ಹೊರಡುವುದಕ್ಕೂ ನಡುವೆ ಇದ್ದದ್ದು ಮೂರು ತಿಂಗಳು. ಈ ಸಲ ಈಸ್ಟ್ ಲಂಡನ್‌ನಿಂದ ಲೆಕ್ಕ ಹಾಕಿದರೆ ಎರಡು ವರ್ಷ. ಅವರನ್ನು ಬರೀ ಸಾಹಸಿ ಎಂದು ಹೊಗಳುವವರು ಈ ಎರಡು ವರ್ಷವನ್ನು ಹಾರಿಸಿಬಿಡುತ್ತಾರೆ. ನನಗೆ ಅದೇ ಬೇಜಾರು.

1970ರ ಅಕ್ಟೋಬರ್ 18ರಂದು ಅದೇ ಹ್ಯಾಂಬಲ್‌ನಿಂದ ಹೊರಟರು. ಡಿಸೆಂಬರ್ 24ರಂದು, ಕ್ರಿಸ್‌ಮಸ್ ಹಿಂದಿನ ದಿನ, ಕೇಪ್ ಹಾರ್ನ್ ಸುತ್ತಿದರು. ಅದಾದ ಸ್ವಲ್ಪ ದಿನಕ್ಕೆ ದೊಡ್ಡ ಹೊಡೆತ ಬಿತ್ತು, ದೋಣಿಯನ್ನು ತಾನಾಗಿ ನಡೆಸುವ ಸಾಧನ ಪುಡಿಯಾಯಿತು. ದೋಣಿಯ ಹಿಂದೆ ಒಂದು ಸಣ್ಣ ರೆಕ್ಕೆ ಇರುತ್ತದೆ. ಗಾಳಿ ದಿಕ್ಕು ಬದಲಿಸಿದರೆ ರೆಕ್ಕೆ ತಿರುಗುತ್ತದೆ, ರೆಕ್ಕೆ ತಿರುಗಿದರೆ ಚುಕ್ಕಾಣಿ ತಿರುಗುತ್ತದೆ. ಒಂಟಿ ನಾವಿಕರು ಮಲಗುವುದು, ಅಡುಗೆ ಮಾಡುವುದು, ಹಾಯಿ ಹೊಲಿಯುವುದು ಎಲ್ಲ ಆ ರೆಕ್ಕೆಯ ದಯೆಯಿಂದ. ಮುಂದೆ ಇಡೀ ಪೆಸಿಫಿಕ್, ಇಡೀ ಹಿಂದೂ ಮಹಾಸಾಗರದ ದಕ್ಷಿಣ, ಮತ್ತೆ ಅಟ್ಲಾಂಟಿಕ್. ಚುಕ್ಕಾಣಿ ಕೈಯಲ್ಲೇ ಹಿಡಿಯಬೇಕು.

ಎರಡು ವರ್ಷದ ಹಿಂದಿನ ಬ್ಲೈತ್ ಆಗಿದ್ದರೆ ಯಾತ್ರೆ ಅಲ್ಲಿಗೇ ಮುಗಿಯುತ್ತಿತ್ತು ಅಂತ ನನ್ನ ಅಂದಾಜು. ಗಾಳಿಗೆ ಎದುರಾಗಿ ಹೋಗುವ ದೋಣಿಗೆ ಒಂದು ಗುಣವಿದೆ. ಮುಂದಿನ ಹಾಯಿ, ನಡುವಿನ ಹಾಯಿ, ಹಿಂದಿನ ಹಾಯಿ ಮೂರನ್ನೂ ತೂಗಿ ಬಿಗಿದು ಚುಕ್ಕಾಣಿಯನ್ನು ಕಟ್ಟಿದರೆ ಅದು ಸ್ವಲ್ಪ ಹೊತ್ತು ತನ್ನ ದಿಕ್ಕನ್ನು ತಾನೇ ಹಿಡಿಯುತ್ತದೆ. ಆ ತೂಕ ಕಂಡುಕೊಳ್ಳುವುದು ತೋಳಿನ ಕೆಲಸವಲ್ಲ. ಹಗ್ಗವನ್ನು ಒಂದು ಗೇಣು ಬಿಟ್ಟು ನೋಡಬೇಕು, ಅರ್ಧ ಗೇಣು ಎಳೆದು ನೋಡಬೇಕು. ಮುಂದಿನ ದೋಣಿ ನೋಡಿ ಹಾಯಿ ತಿರುಗಿಸಿದ್ದವರಿಗೆ ಈಗ ಅದು ಬರುತ್ತಿತ್ತು.

1971ರ ಆಗಸ್ಟ್ 6ರಂದು, 292 ದಿನಗಳ ನಂತರ, ಬ್ರಿಟಿಷ್ ಸ್ಟೀಲ್ ಹ್ಯಾಂಬಲ್‌ಗೆ ಮರಳಿತು. ಒಂಟಿಯಾಗಿ, ನಿಲ್ಲದೆ, ಪಶ್ಚಿಮಕ್ಕೆ ಭೂಮಿ ಸುತ್ತಿದ ಮೊದಲಿಗರು ಚೇ ಬ್ಲೈತ್. ಕಾಯುತ್ತಿದ್ದವರಲ್ಲಿ ಪ್ರಧಾನಿ ಎಡ್ವರ್ಡ್ ಹೀತ್ ಕೂಡ ಇದ್ದರು.

ಆಮೇಲಿನದು

ಮುಂದಿನ ಕತೆಯೆಲ್ಲ ಗೆಲುವಲ್ಲ. 1973-74ರ ಭೂಮಿ ಸುತ್ತುವ ವಿಟ್‌ಬ್ರೆಡ್ ಸ್ಪರ್ಧೆಗೆ ಪ್ಯಾರಾಶೂಟ್ ಸೈನಿಕರನ್ನೇ ಕಟ್ಟಿಕೊಂಡು 'ಗ್ರೇಟ್ ಬ್ರಿಟನ್ ಎರಡು' ದೋಣಿಯಲ್ಲಿ ಹೋದರು. ಎಲ್ಲರಿಗಿಂತ ಕಡಿಮೆ ಸಮಯದಲ್ಲಿ ಮುಗಿಸಿದರು. ಆದರೆ ಜೊತೆಗಾರರಲ್ಲಿ ಒಬ್ಬರು ಸಮುದ್ರಕ್ಕೆ ಬಿದ್ದು ಹೋದರು. 1984ರಲ್ಲಿ ಕೇಪ್ ಹಾರ್ನ್ ಹತ್ತಿರ ಅವರ ಮೂರು ಒಡಲಿನ ದೋಣಿ ಮಗುಚಿತು. ಬ್ಲೈತ್ ಮತ್ತು ಜೊತೆಗಾರ 19 ಗಂಟೆ ಅದನ್ನು ಹಿಡಿದುಕೊಂಡು ರಕ್ಷಣೆಗೆ ಕಾದರು. ಇಷ್ಟು ಅನುಭವ ಇದ್ದವರಿಗೂ ಸಮುದ್ರ ರಿಯಾಯಿತಿ ಕೊಡುವುದಿಲ್ಲ.

ಸ್ಪರ್ಧೆಗಳು ಬದಲಾದವು. 2018ರಲ್ಲಿ ಗೋಲ್ಡನ್ ಗ್ಲೋಬ್ ಮತ್ತೆ ನಡೆದಾಗ, ಭಾಗವಹಿಸುವವರು ಮೊದಲೇ 8,000 ಮೈಲಿ ಸಾಗರಯಾನ, ಅದರ ಮೇಲೆ ಒಂಟಿಯಾಗಿ 2,000 ಮೈಲಿ ಮಾಡಿರಲೇಬೇಕಿತ್ತು. ಆ ಸ್ಪರ್ಧೆಯಲ್ಲಿ ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ ಇದ್ದರು. ಅವರ ದೋಣಿ 'ತುರೀಯ' ಸುಹೈಲಿಯ ಪಡಿಯಚ್ಚು, ಕಟ್ಟಿದ್ದು ಗೋವಾದಲ್ಲಿ. ಹಿಂದೂ ಮಹಾಸಾಗರದಲ್ಲಿ ಕೂವೆಕಂಬ ಮುರಿದು, ಬೆನ್ನಿಗೆ ಪೆಟ್ಟಾಗಿ, ಅವರನ್ನು ಎತ್ತಿ ತರಬೇಕಾಯಿತು. 2022ರಲ್ಲಿ ಮತ್ತೆ ಹೊರಟು 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಮುಗಿಸಿದರು.

ಬ್ಲೈತ್ ಮಾಡಿದ ಕೆಲಸಗಳಲ್ಲಿ ನನಗೆ ದೊಡ್ಡದು ಅನಿಸುವುದು 1992ರದ್ದು. ಆ ವರ್ಷ ಅವರು ಬ್ರಿಟಿಷ್ ಸ್ಟೀಲ್ ಚಾಲೆಂಜ್ ಎಂಬ ಸ್ಪರ್ಧೆ ಶುರುಮಾಡಿದರು. 67 ಅಡಿಯ, ಅಚ್ಚಿಗೆ ಹಾಕಿದ ಹಾಗೆ ಒಂದೇ ಥರದ ಹತ್ತು ಉಕ್ಕಿನ ದೋಣಿಗಳು. ದಾರಿ ಅವರು 1970ರಲ್ಲಿ ಹೋದದ್ದೇ, ಗಾಳಿಗೆ ಎದುರಾಗಿ. ಹೊರಟವರು ಹಣ ಕಟ್ಟಿ ಬಂದ ಸಾಮಾನ್ಯ ಜನ. ತುಂಬ ಜನ ಮೊದಲು ಹಾಯಿದೋಣಿ ಹತ್ತಿದವರೇ ಅಲ್ಲ.

ಆದರೆ ಅವರಲ್ಲಿ ಯಾರನ್ನೂ ಕೈಪಿಡಿ ಕೊಟ್ಟು ಕಳಿಸಲಿಲ್ಲ. ಹೊರಡುವ ಮೊದಲು ಎಲ್ಲರಿಗೂ ತರಬೇತಿ ಇತ್ತು. ಒಂದೊಂದು ದೋಣಿಗೂ ಅನುಭವಿ ಸ್ಕಿಪ್ಪರ್ ಇದ್ದರು. ದಕ್ಷಿಣ ಸಾಗರದಲ್ಲಿ ಒಂದು ದೋಣಿಯ ಕೂವೆಕಂಬ ಮುರಿಯಿತು. ಆ ದೋಣಿಯ ಹೆಸರು 'ಬ್ರಿಟಿಷ್ ಸ್ಟೀಲ್ ಎರಡು'. ಅದನ್ನು ನಡೆಸುತ್ತಿದ್ದವರು ಅದನ್ನು ಆಸ್ಟ್ರೇಲಿಯಾದ ಹೊಬಾರ್ಟ್ ಬಂದರಿಗೆ ಮುಟ್ಟಿಸಿ, ಹೊಸ ಕಂಬ ನಿಲ್ಲಿಸಿಕೊಂಡು, ಮತ್ತೆ ಹಾಯಿ ಎತ್ತಿದರು.